ಲಿಫ್ಟ್ ರಿಪೇರಿಯವರ ಏಳು ಅರ್ಜಿ
ನಮ್ಮ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಕೂಟದಲ್ಲಿ ಯಾರು ಯಾವ ವಿಷಯ ಮಾತಾಡುತ್ತಾರೆಂದು ಪಟ್ಟಿ ಮಾಡುವ ಕೆಲಸ ನನ್ನದು; ಅದನ್ನು ಕೆಡಿಸುವ ಕೆಲಸ ಕೂಟದ ಸದಸ್ಯರಾದ ಲಿಫ್ಟ್ ರಿಪೇರಿಯವರೊಬ್ಬರದು. ಅರ್ಜಿ ಕರೆದ ದಿನವೇ ಅವರಿಂದ ಏಳು ಬರುತ್ತವೆ: ಹಳೆಯ ಪ್ರಿಂಟರಿನ ಮೋಟಾರಿನಿಂದ ಕಿಟಕಿಯ ಪರದೆ ಎಳೆಸುವುದು, ತೂಕದ ಯಂತ್ರದಿಂದ ಹಾಡಿಸುವುದು, ಇಂಥವು. ಮರುದಿನ ಮೂರನೆಯದನ್ನು ಹಿಂದಕ್ಕೆ ಪಡೆದು, ಸಂಜೆ ಫೋನ್ ಮಾಡಿ, “ಬೇಡ ಅಂದಿದ್ದು ಐದನೇದು ಕಣ್ರೀ” ಎನ್ನುತ್ತಾರೆ. “ಹಾಗಾದ್ರೆ ಯಾವುದನ್ನ ಮಾತಾಡ್ತೀರಿ?” ಎಂದರೆ, “ನೀವೇ ಹೇಳಿ, ನನಗೆ ತಲೆ ಕೆಟ್ಟುಹೋಗಿದೆ.” ನನ್ನದೇನು ನೆಟ್ಟಗಿದೆಯೇ? “ಇದರಿಂದ ಯಾರಿಗೆ ಉಪಯೋಗ?” ಎಂಬ ಜಾಗವನ್ನಂತೂ ಏಳರಲ್ಲೂ ಖಾಲಿ ಬಿಟ್ಟಿರುತ್ತಾರೆ. ಈ ಸಲ ಇತ್ಯರ್ಥ ಮಾಡಿಕೊಂಡೇ ಬರೋಣವೆಂದು ಅವರ ಮನೆಗೇ ಹೋದೆ. ಕರೆಗಂಟೆ ಒತ್ತಿದರೆ ಸದ್ದಿಲ್ಲ. ಕಿಟಕಿಯೊಳಗೆ ಅಡುಗೆಮನೆಯ ದೀಪ ಎರಡು ಸಲ ಮಿಣುಕಿತು, ಅವರ ಹೆಂಡತಿ ಬಂದು ಬಾಗಿಲು ತೆರೆದರು. ಒಳಗೆ ನಾವಿಬ್ಬರೂ ಏಳನ್ನು ಹನ್ನೊಂದು ಮಾಡಿಕೊಂಡು ಕೂತಿದ್ದಾಗ ಮೇಜಿನ ದೀಪ ಮೂರು ಸಲ ಮಿಣುಕಿತು. “ಅಡುಗೆಮನೆಯಿಂದ ಗುಂಡಿ ಒತ್ತಿ ಊಟಕ್ಕೆ ಕರೀತಿದಾಳೆ, ಏಳಿ. ನೀವೂ ಇದೀರಲ್ಲ, ಅದಕ್ಕೆ ಮೂರು,” ಎಂದರು. “ಇದನ್ನ ಯಾಕೆ ಅರ್ಜೀಲಿ ಬರೀಲಿಲ್ಲ?” ಎಂದು ಕೇಳಿದೆ. ನಾನೇ ಏನೋ ಗೊಂದಲ ಮಾಡಿಕೊಂಡಿರುವಂತೆ ಅವರು ನನ್ನನ್ನು ನೋಡಿದರು. “ಇದ್ರಲ್ಲಿ ಹೇಳೋಕೇನಿದೆ? ಕಿವಿ ಹೋದ ಮೇಲೆ ಅವಳು ಮಾತಾಡೋದೇ ಬಿಟ್ಟಿದ್ಳು. ಇದ್ರಲ್ಲಾದ್ರೆ ದಿನವೆಲ್ಲ ಕರೀತಾಳೆ.”