ಕಡ್ಡಿ ಮಸುಕಾದ ವರ್ಷ

ಪೊಲೀಸ್ ತರಬೇತಿ ಶಾಲೆಯಲ್ಲಿ ಬಂದೂಕು ಕಲಿಸುತ್ತಿದ್ದ ಆ ಹೆಂಗಸಿಗೆ ಕಲಿಯಲು ಬಂದವರು ಇಟ್ಟಿದ್ದ ಹೆಸರು ಕಡ್ಡಿ ಮೇಡಂ. ಬರೀ ಹೆಸರು ಕೇಳಿ ಬಂದವರು ಯಾವುದೋ ನರಪೇತಲ ಜೀವವನ್ನು ನೆನೆಸಿಕೊಂಡಿರುತ್ತಿದ್ದರು. ಎದುರಿಗೆ ಬಾಗಿಲು ತುಂಬುವಂಥ ಆಳು ನಿಂತದ್ದು ಕಂಡಾಗ ಅವರ ಸಲ್ಯೂಟು ಅರ್ಧದಲ್ಲೇ ತಡವರಿಸುತ್ತಿತ್ತು. ಹೆಸರು ಬಂದದ್ದು ಮೈಯಿಂದಲ್ಲ, ಪಾಠದಿಂದ. ಬಂದೂಕಿನ ನಳಿಗೆಯ ತುದಿಯಲ್ಲಿ ಉಕ್ಕಿನ ಸಣ್ಣ ಕಡ್ಡಿಯೊಂದು ನೆಟ್ಟಗೆ ನಿಂತಿರುತ್ತದೆ. ಕಣ್ಣಿನ ಕಡೆ ಒಂದು ಕಚ್ಚು ಇರುತ್ತದೆ. ಕಚ್ಚಿನ ನಡುವೆ ಕಡ್ಡಿ ಬರಬೇಕು, ಕಡ್ಡಿಯ ತಲೆಯ ಮೇಲೆ ಗುರಿ ಕೂರಬೇಕು. ಹೇಳುವುದಕ್ಕೆ ಇಷ್ಟೇ. ಆದರೆ ಮೂರೂ ಮೂರು ದೂರದಲ್ಲಿವೆ, ಕಣ್ಣೋ ಒಂದು ಸಲಕ್ಕೆ ಒಂದನ್ನೇ ಚೊಕ್ಕವಾಗಿ ಕಾಣಬಲ್ಲದು.

"ಕಡ್ಡಿ ನೋಡು," ಎನ್ನುತ್ತಿದ್ದಳು ಆಕೆ, ಮೈದಾನದ ಆಚೆಯ ಮಣ್ಣಿನ ದಿಬ್ಬಕ್ಕೂ ಕೇಳುವ ಹಾಗೆ. "ಗುರಿ ಮಸುಕಾಗತ್ತಾ, ಆಗ್ಲಿ ಬಿಡು. ಎರಡೂ ಬೇಕು ಅನ್ನೋನಿಗೆ ಎರಡೂ ಸಿಗಲ್ಲ."

ಮೊದಲ ವಾರದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಹೊಡೆಯಬೇಕಾದದ್ದು ಗುರಿಯನ್ನಲ್ಲವೇ ಎಂದು ಗುರಿಯನ್ನೇ ದುರುಗುಟ್ಟಿ ನೋಡುತ್ತಾರೆ. ಅಷ್ಟರಲ್ಲಿ ಕಡ್ಡಿ ಕೂದಲೆಳೆಯಷ್ಟು ಪಕ್ಕಕ್ಕೆ ಜರುಗಿರುತ್ತದೆ, ಗುಂಡು ಗುರಿಯ ಬೋರ್ಡನ್ನು ಬಿಟ್ಟು ದಿಬ್ಬಕ್ಕೆ ಹೋಗಿರುತ್ತದೆ. ಇದನ್ನು ಬಿಡಿಸುವುದರಲ್ಲೇ ಆಕೆಯ ಮೂವತ್ತು ವರ್ಷ ಕಳೆದಿತ್ತು. ಆ ಮೈದಾನವನ್ನು ಆಕೆಗೆ ಯಾರೂ ತಟ್ಟೆಯಲ್ಲಿಟ್ಟು ಕೊಟ್ಟಿರಲಿಲ್ಲ. ಸೇರಿದ ಹೊಸದರಲ್ಲಿ ಅಲ್ಲಿ ಬಂದೂಕು ಕಲಿಸುತ್ತಿದ್ದ ಹಳೇ ಉಸ್ತಾದರು, ಹೆಂಗಸರಿಗೆ ಬಂದೂಕಿನ ಸದ್ದೇ ಆಗಿಬರುವುದಿಲ್ಲ ಎಂದು ಆಕೆಯನ್ನು ಗುಂಡು ಹಾರಿದ ಮೇಲೆ ಬಿದ್ದ ಖಾಲಿ ತೋಟಾ ಆರಿಸುವುದಕ್ಕೆ ಹಚ್ಚಿದ್ದರು. ಆರಿಸುತ್ತಲೇ ನೋಡಿದಳು, ನೋಡುತ್ತಲೇ ಕಲಿತಳು. ಒಂದು ದಿನ ಉಸ್ತಾದರು ತಮಾಷೆಗೆಂದು ಕೈಗೆ ಬಂದೂಕು ಕೊಟ್ಟರು. ಬೋರ್ಡು ತರಿಸಿ ನೋಡಿದ ಮೇಲೆ ಅವರು ಮತ್ತೆ ತೋಟಾ ಆರಿಸು ಎನ್ನಲಿಲ್ಲ.

ಇಂಥವಳಿಗೆ ಐವತ್ತು ದಾಟಿದ ಮೇಲೆ ಕಡ್ಡಿ ಮಸುಕಾಗತೊಡಗಿತು.

ಮೊದಲು ಆಕೆ ಬಂದೂಕಿಗೆ ಹಚ್ಚುವ ಎಣ್ಣೆಯನ್ನು ಬೈದಳು. ಕಡ್ಡಿ ಬಿಸಿಲಿಗೆ ಹೊಳೆಯದಿರಲೆಂದು ದೀಪದ ಮಸಿ ಹಿಡಿಸುತ್ತಾರೆ. ಆ ಮಸಿ ಸರಿಯಿಲ್ಲವೆಂದು ಆಯುಧ ಕೋಣೆಯವನ ಮೇಲೆ ಹರಿಹಾಯ್ದಳು. ಆಮೇಲೆ ಧೂಳು, ಆಮೇಲೆ ಮೋಡ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಆ ಮಾತನ್ನು ಕಲಿಯುವವರ ಮೇಲೆ ದಿನಕ್ಕೊಮ್ಮೆಯಾದರೂ ಪ್ರಯೋಗಿಸುತ್ತಿದ್ದ ಬಾಯಿ ಅದು! ಕಡ್ಡಿ ಒಂದಿದ್ದದ್ದು ಎರಡಾಗಿ, ಅಂಚು ಕರಗಿ, ಉಣ್ಣೆಯ ಎಳೆಯಂತೆ ಜುಂಗುಜುಂಗಾಯಿತು. ಕೈಗೆ ಮಾತ್ರ ಹಳೆಯ ರೂಢಿ ಇತ್ತು. ಭುಜ, ಕೆನ್ನೆ, ಉಸಿರು ಎಲ್ಲ ತಂತಮ್ಮ ಜಾಗಕ್ಕೆ ತಾವೇ ಹೋಗಿ ಕೂರುತ್ತಿದ್ದವು. ಆ ರೂಢಿಯ ಮೇಲೆಯೇ ಒಂದಷ್ಟು ಕಾಲ ದೂಡಿದಳು, ಯಾರಿಗೂ ಹೇಳಲಿಲ್ಲ.

ಹೇಳುವಂತೆಯೂ ಇರಲಿಲ್ಲ. ಕಲಿಸುವವರಿಗೂ ವರ್ಷಕ್ಕೊಮ್ಮೆ ಗುಂಡಿನ ಪರೀಕ್ಷೆ ಇತ್ತು. ಅದರಲ್ಲಿ ಸೋತವರನ್ನು ಮೈದಾನದಿಂದ ಎತ್ತಿ ಉಗ್ರಾಣಕ್ಕೆ ಹಾಕುತ್ತಿದ್ದರು. ಉಗ್ರಾಣವೆಂದರೆ ಕಿಟಕಿಯಿಲ್ಲದ ಉದ್ದನೆಯ ಕೋಣೆ. ಅಲ್ಲಿ ಬೂಟು, ಬೆಲ್ಟು, ಕಂಬಳಿ ಎಣಿಸಿ ಕೊಡುವುದು, ಎಣಿಸಿ ಇಸಿದುಕೊಳ್ಳುವುದು. ಆ ಕೆಲಸವನ್ನು ಕೀಳೆನ್ನುವಷ್ಟು ಸೊಕ್ಕು ಆಕೆಗಿರಲಿಲ್ಲ. ಆದರೆ ಬೆಳಗ್ಗೆ ಎದ್ದು ಆ ಮೈದಾನದ ಹುಲ್ಲು ತುಳಿಯದಿದ್ದರೆ ತಾನು ಯಾರೆಂದು ತನಗೇ ಗೊತ್ತಾಗಲಿಕ್ಕಿಲ್ಲ ಎಂಬ ಹೆದರಿಕೆ ಇತ್ತು.

ಪರೀಕ್ಷೆ ಹತ್ತಿರ ಬಂದಾಗ ಗುಟ್ಟಾಗಿ ಕಣ್ಣಿನ ವೈದ್ಯೆಯ ಹತ್ತಿರ ಹೋದಳು. ಅಲ್ಲಿ ಒಂದು ಎಡವಟ್ಟು ಮಾಡಿಕೊಂಡಳು. ಏನು ತೊಂದರೆ ಎಂದು ಆ ತಾಯಿ ಕೇಳಿದರೆ, ದೂರದಲ್ಲಿರೋ ಬೋರ್ಡು ಚೆನ್ನಾಗಿ ಕಾಣಬೇಕು ಅಂದುಬಿಟ್ಟಳು. ಕಡ್ಡಿ ಸಿಗದ ಕಣ್ಣು ಎಷ್ಟೋ ದಿನದಿಂದ ಜಾರಿ ಜಾರಿ ಬೋರ್ಡಿನ ಕಡೆಗೇ ಹೋಗುತ್ತಿತ್ತು, ಹಾಗಾಗಿ ಕಷ್ಟವೆಲ್ಲ ಬೋರ್ಡಿನದೇ ಎಂದು ಆಕೆಯ ಮನಸ್ಸು ನಂಬಿಕೊಂಡಿತ್ತು. ವೈದ್ಯೆ ಕೇಳಿದ್ದನ್ನೇ ಕೊಟ್ಟರು. ದೂರಕ್ಕೆ ಎಂದು ಒಂದು ಕನ್ನಡಕ ಬಂತು.

ಹಾಕಿಕೊಂಡು ಅಂಗಡಿಯಿಂದ ಹೊರಬಿದ್ದವಳಿಗೆ ಬೀದಿಯೇ ಹೊಸದಾಗಿ ಕಂಡಿತು. ಎದುರಿನ ಮಹಡಿಯ ಗೋಡೆಯ ಬಿರುಕು, ತಂತಿಯ ಮೇಲೆ ಒಣಗಿದ ಕಾಲುಚೀಲದ ಹೊಲಿಗೆ, ಎಲ್ಲವೂ ಕಂಡವು. ಇದೆಲ್ಲ ಇಷ್ಟು ದಿನ ಎಲ್ಲಿ ಅಡಗಿತ್ತಪ್ಪ ಎಂದುಕೊಂಡು, ಗೆದ್ದೆ ಎಂದುಕೊಂಡು ಮೈದಾನಕ್ಕೆ ಬಂದಳು. ಬೋರ್ಡು ಕನ್ನಡಿಯಷ್ಟು ನಿಚ್ಚಳ. ಹೊಡೆದಳು. ಆಯುಧ ಕೋಣೆಯವನು ಬೋರ್ಡು ತಂದು ಗೋಡೆಗೆ ಒರಗಿಸಿ ಹೋದ. ಬಂದೂಕು ಹಿಡಿದ ಮೊದಲ ದಿನದಿಂದ ಈವರೆಗೆ ಆಕೆ ಅಷ್ಟು ಕೆಟ್ಟದಾಗಿ ಹೊಡೆದಿರಲಿಲ್ಲ.

ಅಲ್ಲೇ ಹುಲ್ಲಿನ ಮೇಲೆ ಕೂತಾಗ ಆಕೆಗೆ ಹೊಳೆಯಿತು. ಬೋರ್ಡು ಅಷ್ಟು ಚೆಂದ ಕಂಡರೆ ಕಣ್ಣು ಕಡ್ಡಿಯನ್ನು ಮೂಸಿಯಾದರೂ ನೋಡೀತೇ? ಸಾವಿರಾರು ಮಂದಿಗೆ ಬೈದು ಬಿಡಿಸಿದ ತಪ್ಪನ್ನು ತಾನೇ ಹೋಗಿ ಕೊಂಡುಕೊಂಡು ಮೂಗಿನ ಮೇಲೆ ಏರಿಸಿಕೊಂಡು ಬಂದಿದ್ದಳು. ಆಕೆಗೆ ನಗುವೂ ಬಂತು, ಅಳುವೂ ಬಂತು. ಅತ್ತದ್ದೇ ಹೆಚ್ಚು.

ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಹೊಲಿಗೆ ಯಂತ್ರ, ಕತ್ತರಿಸುವ ಹಲಗೆ, ಗೋಡೆಯಲ್ಲಿ ದಾರದ ಉಂಡೆಗಳ ಸಾಲು. ಹೆಂಡತಿ ಗುಂಡು ಹಾರಿಸುವವಳು, ತಾನು ಗುಂಡಿ ಹಚ್ಚುವವನು ಎಂದು ನೆಂಟರು ಆಡಿಕೊಂಡರೆ, ಮೊದಲು ನಕ್ಕವನೇ ಅವನು. ಬಡಾಯಿಯ ಮನುಷ್ಯನಲ್ಲ. ಅವಳು ಕೂಗಿದರೆ ಅವನು ಯಂತ್ರ ತುಳಿಯುತ್ತಿದ್ದ, ಕೂಗು ನಿಂತ ಮೇಲೆ ಯಂತ್ರ ನಿಲ್ಲಿಸಿ ಮಾತಾಡುತ್ತಿದ್ದ. ಅವತ್ತು ಮಧ್ಯಾಹ್ನ ಅವಳು ಬಂದು ಹಲಗೆಯ ಅಂಚಿಗೆ ಕೂತು ಎಲ್ಲವನ್ನೂ ಹೇಳಿದಳು. ಉಗ್ರಾಣದ ಮಾತು ಬಂದಾಗ ದನಿ ನಡುಗಿತು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆ ದನಿಯನ್ನು ಅವನು ಕೇಳಿರಲಿಲ್ಲ. ಯಂತ್ರ ನಿಂತಿತು.

ಅವನು ಡಬ್ಬಿಯೊಳಗೆ ತಡಕಾಡಿ ಅಂಗಿಯ ಗುಂಡಿಯೊಂದನ್ನು ತೆಗೆದ. "ಕನ್ನಡಕ ತೆಗಿ. ಒಂದು ಕಣ್ಣು ಮುಚ್ಕೊಂಡು, ಇದರ ತೂತಲ್ಲಿ ನೋಡು."

"ರೀ, ನನಗೆ ಹೊತ್ತು ಹೋಗ್ದೆ ಬಂದು ಕೂತಿಲ್ಲ ಇಲ್ಲಿ."

"ಕನ್ನಡಕ ಎಲ್ಲೋ ಇಟ್ಟು ಮರೆತ್ರೆ ನಾನು ಸೂಜಿಗೆ ದಾರ ಪೋಣಿಸೋದು ಹೀಗೇ ಕಣೇ. ನಮ್ಮಪ್ಪ ತೋರಿಸಿದ್ದು. ನೋಡು ಅಂದ್ರೆ ನೋಡು."

ನೋಡಿದಳು. ಅಂಗೈ ಮುಂದೆ ಹಿಡಿದಳು. ಇತ್ತೀಚೆಗೆ ಬರೀ ನಸುಗೆಂಪು ಮಬ್ಬಾಗಿದ್ದ ಬೆರಳ ತುದಿಯಲ್ಲಿ ಗೆರೆಯ ಪಕ್ಕ ಗೆರೆ, ಸುಳಿಯೊಳಗೆ ಸುಳಿ ಕಂಡವು. ಸೂಜಿಯ ಕಣ್ಣು ಕಂಡಿತು. ಅದೇ ತೂತಿನಲ್ಲಿ ತಲೆಯೆತ್ತಿದರೆ ಬೀದಿಯ ಆಚೆಯ ಬೀಗದಂಗಡಿಯ ಬೀಗಗಳೂ ಬೇರೆ ಬೇರೆಯಾಗಿ ಕಂಡವು. ಹತ್ತಿರದ್ದೂ ಇತ್ತು, ದೂರದ್ದೂ ಇತ್ತು. ಗುಂಡಿ ತೆಗೆದಳು, ಎಲ್ಲ ಮಬ್ಬು. ಇಟ್ಟಳು, ಎಲ್ಲ ಚೊಕ್ಕ. ಗಾಜಿಲ್ಲ, ಏನೂ ಇಲ್ಲ, ಬರೀ ತೂತು. ಇರುವುದಕ್ಕಿಂತ ಕಡಿಮೆ ಬೆಳಕು ಕೊಟ್ಟರೆ ಕಣ್ಣಿಗೆ ಇರುವುದಕ್ಕಿಂತ ಹೆಚ್ಚು ಕಾಣುತ್ತದೆಂದರೆ ನಂಬುವುದು ಹೇಗೆ?  ಆಮೇಲೆ ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡಳು. ಅಗಲದ ಗೇಟು ತೆಗೆದರೆ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ನುಗ್ಗುತ್ತಾರೆ, ಸಣ್ಣ ಗೇಟಾದರೆ ತೆಪ್ಪಗೆ ಸಾಲಾಗಿ ಬರುತ್ತಾರೆ. ಬೆಳಕೂ ಹಾಗೇ ಇರಬೇಕು. ಅವಳು ಸಂಜೆಯವರೆಗೂ ಗುಂಡಿ ಹಿಡಿದು ಮನೆಯೆಲ್ಲ ತಿರುಗಿದಳು, ಕಡೆಗೆ ಗಂಡನ ಮುಖವನ್ನೂ ನೋಡಿದಳು. ಹುಬ್ಬಿನೊಳಗೆ ಬಿಳಿ ಕೂದಲು ಬಂದಿದ್ದವು. 

ಬಂದೂಕಿಗೆ ಏನನ್ನೂ ಅಂಟಿಸುವಂತಿರಲಿಲ್ಲ, ನಿಯಮವಿತ್ತು. ಕನ್ನಡಕದ ಬಗ್ಗೆ ಯಾವ ನಿಯಮವೂ ಇರಲಿಲ್ಲ. ವಿದ್ಯುತ್ ತಂತಿಗೆ ಸುತ್ತುವ ಕಪ್ಪು ಟೇಪಿನ ತುಂಡಿಗೆ ದರ್ಜಿ ಸೂಜಿಯಿಂದ ತೂತು ಮಾಡಿ, ಆ ಹೊಸ ಕನ್ನಡಕದ ಬಲಗಾಜಿಗೆ ಅಂಟಿಸಿದ. ಮಣಿ ಪೋಣಿಸುವ ಸಣ್ಣ ಸೂಜಿಯ ತೂತಿನಲ್ಲಿ ಹಗಲೇ ಸಂಜೆಯಾಯಿತು. ಕಂಬಳಿ ಹೊಲಿಯುವ ದಬ್ಬಳದ ತೂತಿನಲ್ಲಿ ಕಡ್ಡಿ ಮತ್ತೆ ಜುಂಗಾಯಿತು. ಕಾಜಾ ಹೊಲಿಯುವ ಸೂಜಿ ಸರಿಹೋಯಿತು. ತೂತಿನ ಜಾಗ ಒಂದಿಷ್ಟು ಆಚೀಚೆಯಾದರೂ ಕಣ್ಣೆದುರು ಕತ್ತಲೆಯೇ. ಅವಳು ಉದ್ದನೆಯ ಅಳತೆಗೋಲನ್ನು ಬಂದೂಕಿನಂತೆ ಕೆನ್ನೆಗೊತ್ತಿ ಅಂಗಡಿಯ ನೆಲದ ಮೇಲೆ ಬೋರಲು ಮಲಗುವುದು, ಅವನು ಮಂಡಿಯೂರಿ ಟೇಪು ಸರಿಸುವುದು. ಅಳತೆ ಕೊಡಲು ಬಂದ ಗಿರಾಕಿಯೊಬ್ಬ ಹೊಸ್ತಿಲಲ್ಲೇ ನಿಂತು, ಆಮೇಲೆ ಬರ್ತೀನಿ ಎಂದು ಹೋಗಿಬಿಟ್ಟ.

ಪರೀಕ್ಷೆಯ ದಿನ ಬಿಸಿಲು ಚೆನ್ನಾಗಿತ್ತು. ಪರೀಕ್ಷೆ ಮಾಡಲು ಬಂದಿದ್ದ ಸಾಹೇಬರು ಒಂದು ಕಾಲಕ್ಕೆ ಆಕೆಯ ಕೈಯಲ್ಲೇ ಬೈಸಿಕೊಂಡು ಕಲಿತವರು, ಈಗ ಕಿವಿಯ ಹತ್ತಿರ ಕೂದಲು ನರೆತವರು. ಆಕೆಯ ಕನ್ನಡಕ ನೋಡಿ ಹುಬ್ಬೇರಿಸಿದರು, ನಿಯಮದ ಪುಸ್ತಕವನ್ನು ತೋಳುದ್ದ ಹಿಡಿದು ಓದಿ, ಆಗಲಿ ಎಂದರು. ಯಾರೋ ಹಿಂದಿನಿಂದ, ಕಡ್ಡಿ ಮೇಡಂ ಕಣ್ಣಿಗೆ ತೇಪೆ ಹಾಕಿಸ್ಕೊಂಡು ಬಂದಿದ್ದಾರೆ ಎಂದದ್ದು ಆಕೆಗೆ ಕೇಳಿಸಿತು. ಬೇರೆ ದಿನವಾಗಿದ್ದರೆ ಅವನ ಗ್ರಹಚಾರ ಬಿಡಿಸುತ್ತಿದ್ದಳು. ಅವತ್ತು ಸುಮ್ಮನೆ ಹೋಗಿ ಚಾಪೆಯ ಮೇಲೆ ಮಲಗಿ ಕೆನ್ನೆ ಒರಗಿಸಿದಳು.

ಕಡ್ಡಿ ಬಂತು. ಮಸಿ ಹಿಡಿದ, ಮೂಲೆ ಮೊನಚಾದ, ಇಪ್ಪತ್ತರ ವಯಸ್ಸಿನಲ್ಲಿ ಕಂಡ ಅದೇ ಕಡ್ಡಿ.  ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಕಡ್ಡಿಯ ಆಚೆ ಬೋರ್ಡೂ ಇತ್ತು. ಇಪ್ಪತ್ತರಲ್ಲಿ ಅದು ಬರೀ ಬೂದು ಬಣ್ಣದ ಕಲೆಯಾಗಿತ್ತು, ಕಡ್ಡಿ ಹಿಡಿದಾಗೆಲ್ಲ ಯಾವತ್ತೂ ಹಾಗೇ ಇತ್ತು. ಈಗ ಅದರ ಕಪ್ಪು ವೃತ್ತಕ್ಕೆ ಅಂಚಿತ್ತು, ಹಲಗೆಗೆ ಮೂಲೆಗಳಿದ್ದವು. ಒಂದು ಮೂಲೆಯ ಚೂಪಾದ ಸೀಳಿನ ಮೇಲೆ ಏರೋಪ್ಲೇನ್ ಚಿಟ್ಟೆಯೊಂದು ರೆಕ್ಕೆ ಚಾಚಿ ಕೂತಿತ್ತು.

ಸೀಟಿ ಊದಿದರು. ಆಕೆ ಉಸಿರು ಹಿಡಿದು ಬಂದೂಕಿನ ಕುದುರೆ ಎಳೆದಳು. ಗುಂಡು ಬಡಿದು ಬೋರ್ಡು ಅದುರಿತು, ಚಿಟ್ಟೆ ಎದ್ದಿತು, ಗಾಳಿಯಲ್ಲಿ ಒಂದು ಸುತ್ತು ಬಂದು ಅದೇ ಮೊನೆಯ ಮೇಲೆ ಕೂತಿತು. ಮತ್ತೆ ಹೊಡೆದಳು. ಮತ್ತೆ ಎದ್ದಿತು, ಮತ್ತೆ ಕೂತಿತು. ಪ್ರತಿ ಗುಂಡಿಗೂ ಇದೇ ಆಟ. ಜಗತ್ತು ತಲೆ ಮೇಲೆ ಬಿದ್ದರೂ ತನ್ನ ಜಾಗ ತನಗೆ ಎಂಬಂಥ ಹಟ. ಕೈ ತನ್ನ ಕೆಲಸ ಮಾಡುತ್ತಿತ್ತು, ಕಣ್ಣು ಬೆರಗಾಗಿ ನೋಡುತ್ತಿತ್ತು. ಕೊನೆಯ ಗುಂಡಿಗೆ ಬರುವಷ್ಟರಲ್ಲಿ ಕೈಯೂ ನಿಂತು ನೋಡತೊಡಗಿತು. ಹೊತ್ತು ಮುಗಿಯಿತೆಂದು ಸೀಟಿ ಮತ್ತೆ ಊದಿದಾಗ ಬಂದೂಕಿನಲ್ಲಿ ಒಂದು ಗುಂಡು ಹಾಗೇ ಉಳಿದಿತ್ತು.

ದುರ್ಬೀನು ಹಿಡಿದು ಬೋರ್ಡು ನೋಡುತ್ತಿದ್ದವನು, ಹೊಡೆದದ್ದೆಲ್ಲ ಕಪ್ಪಿನೊಳಗೇ ಇವೆ ಸರ್ ಎಂದು ಕೂಗಿದ. ಸಾಹೇಬರು ಮಾತ್ರ ಅಂಕ ಬರೆಯುವವನಿಗೆ ತಡೆ ಎಂದು ಸನ್ನೆ ಮಾಡಿ ಆಕೆಯ ಹತ್ತಿರ ಬಂದರು. ಅಂಕ ಸಾಕಾಗಿರಬಹುದು. ಆದರೆ ಹೊಡೆಯುತ್ತ ಹೊಡೆಯುತ್ತ ನಡುವೆ ನಿಂತುಹೋದ ಉಸ್ತಾದರನ್ನು ಮೈದಾನದಲ್ಲಿ ಉಳಿಸಿಕೊಳ್ಳುವ ಹಾಗಿರಲಿಲ್ಲ. ಅದನ್ನು ಅವರಿಗೆ ಕಲಿಸಿದವಳೂ ಆಕೆಯೇ.

"ಕಣ್ಣು ಕೈಕೊಡ್ತಾ, ಮೇಡಂ?" ಎಂದು ಮೆಲ್ಲಗೆ ಕೇಳಿದರು.

ಆಕೆ ಉಳಿದ ಗುಂಡನ್ನು ತೆಗೆದು ಅವರ ಕೈಗಿಟ್ಟಳು. ಬಂದೂಕು ಖಾಲಿಯೆಂದು ತೋರಿಸಿದಳು. ಕನ್ನಡಕವನ್ನೂ ಬಿಚ್ಚಿ ಕೊಟ್ಟಳು. "ಬೋರ್ಡಿನ ಮೂಲೇಲಿ ಒಂದು ಏರೋಪ್ಲೇನ್ ಚಿಟ್ಟೆ ಕೂತಿದೆ ಸರ್. ಮಲಗಿ, ಕಡ್ಡಿ ಹಿಡಿದು ನೋಡಿ."

ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಸಾಹೇಬರು ಚಾಪೆಯ ಮೇಲೆ ಮಲಗಿದರು. ಕನ್ನಡಕವನ್ನು ಮೂಗಿನ ಮೇಲೆ ಆಚೀಚೆ ಸರಿಸಿದರು. ತಟ್ಟನೆ ಅವರ ಭುಜ ನಿಶ್ಚಲವಾಯಿತು. ಅವರಿಗೂ ಕಡ್ಡಿ ಕಂಡು ಎಷ್ಟು ಕಾಲವಾಗಿತ್ತು ಎಂಬುದು ಆಕೆಗೆ ಆಗ ಗೊತ್ತಾಯಿತು. ಮೈದಾನದಲ್ಲಿ ಇದ್ದವರೆಲ್ಲ ಸಾಹೇಬರ ಬೂಟಿನ ಅಟ್ಟೆ ನೋಡುತ್ತ ನಿಂತಿದ್ದರು.

"ಇದು ಯಾವಾಗಿಂದ ಕಾಣ್ತಿದೆ ನಿಮಗೆ?" ದನಿ ಬಂದೂಕಿನ ಹಿಂದಿನಿಂದ ಬಂತು.

"ಇವತ್ತಿಂದ ಸರ್. ಮೂವತ್ತು ವರ್ಷ ಗುರಿ ಇಟ್ಟೆ. ಕಡ್ಡಿ ಜೊತೆ ಬೋರ್ಡೂ ನೋಡಿದ್ದು ಇವತ್ತೇ."

 ಸಾಹೇಬರು ಕೆನ್ನೆ ಎತ್ತದೆ, ಬರೆಯುವವನಿಗೆ ಕೇಳುವಷ್ಟು ಮಾತ್ರ ಜೋರಾಗಿ, ಪಾಸ್ ಅಂತ ಬರ್ಕೋ ಎಂದರು. ಆಯುಧ ಕೋಣೆಯವನು ಬೋರ್ಡು ತರಲು ಹೊರಟ.

"ಈಗ್ಲೇ ಬೇಡ," ಎಂದರು ಸಾಹೇಬರು. "ಅದಿನ್ನೂ ಕೂತಿದೆ."