ನೋಡಿಲ್ಲ ಎಂದವರ ಊರಿನಲ್ಲಿ

ಎಲ್ಲೋ ಒಂದು ಕಡೆ ಹಲ್ಲೆಯಾಗುತ್ತದೆ. ಅದರ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ತೆಗೆದುಹಾಕಿ ಎಂದು ಸರ್ಕಾರ ಆದೇಶ ಮಾಡುತ್ತದೆ. ಅಲ್ಲಿಂದ ಟಿವಿಯಲ್ಲಿ ಜಗಳ ಶುರು. “ಇದರಲ್ಲಿ ಸರ್ಕಾರದ್ದೇನು ಕೆಲಸ? ಬೇಕಾದವರು ನೋಡುತ್ತಾರೆ, ಬೇಡವಾದವರು ಬಿಡುತ್ತಾರೆ” ಎಂದು ಯಾರೋ ಮೇಜು ಗುದ್ದುತ್ತಾರೆ. ಸರ್ಕಾರವನ್ನು ಹೊಗಳಿ ಅಟ್ಟಕ್ಕೇರಿಸುವವರ ಪೈಕಿ ನಾನಲ್ಲ. ಸರ್ಕಾರಿ ಶಾಲೆಯಲ್ಲಿ ಜೀವ ತೇದವಳು. ಒಂದು ಸೀಮೆಸುಣ್ಣದ ಡಬ್ಬಿಗಾಗಿ ಯಾರ್ಯಾರ ಮುಂದೆ ಕೈಕಟ್ಟಿ ನಿಂತಿದ್ದೇನೆ ಎಂಬುದು ನನಗೇ ಗೊತ್ತು. ಆದರೂ ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಬೇಡವಾದವರು ಬಿಡಬಹುದು, ಹೊಡೆಸಿಕೊಂಡವರು ಏನು ಮಾಡಬೇಕು? ಆಗ ನನಗೆ ನಮ್ಮ ಮಾವನವರ ನೆನಪಾಗುತ್ತದೆ.

ಕಿತ್ತೂರಿನ ಹುಡುಗಿಯಾದ ನಾನು ಬೈಲಹೊಂಗಲದ ಆ ಮನೆಗೆ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ನಡುವೆ. ಮಾವನವರದು ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ. ಬಿಳಿ ಧೋತರ, ಬಿಳಿ ಅಂಗಿ, ತಲೆಗೆ ರುಮಾಲು. ಹಿತ್ತಲಿಗೆ ಹೋಗುವಾಗಲೂ ರುಮಾಲು ಸುತ್ತಿಕೊಂಡೇ ಹೋಗುವ ಮನುಷ್ಯ. ಅವರ ಮುಂದೆ ನಾನು ತಲೆ ತುಂಬ ಸೆರಗು ಹೊದ್ದು, ಬಾಗಿಲ ಬದಿಗೆ ನಿಂತು, ನೆಲ ನೋಡುತ್ತಾ ಮಾತಾಡಬೇಕಿತ್ತು. ಅದು ನಮ್ಮ ಮನೆಗಳ ರೀತಿ.

ಮದುವೆಯಾದ ಕೆಲವು ದಿನಕ್ಕೆ ನನಗೆ ದೊಡವಾಡದ ಶಾಲೆಯಲ್ಲಿ ನೌಕರಿಯಾಯಿತು. ಅತ್ತೆಯವರು ಮುಖ ಊದಿಸಿದರು. “ಮನಿ ಸೊಸಿ ದಿನಾ ಬಸ್ ಹತ್ತಿ ಹೊಂಟ್ರ ಮಂದಿ ಏನಂದಾರು?” ಎಂದರು. ಮಾವನವರು ಚಹಾ ಬಟ್ಟಲು ಕೆಳಗಿಟ್ಟು, “ಮಂದಿ ಬಂದು ನಮ್ಮ ಮನ್ಯಾಗ ರೊಟ್ಟಿ ಬಡೀತಾರೇನು? ಹೋಗಲಿ ಬಿಡು” ಎಂದರು. ಮಾತು ಅಲ್ಲಿಗೆ ಮುಗಿಯಿತು. ಮರುದಿನದಿಂದ ದಿನಾ ತಾವೇ ಬಸ್ ಸ್ಟ್ಯಾಂಡಿಗೆ ಬರತೊಡಗಿದರು. ಬಸ್ಸು ನಿಲ್ಲುವುದರೊಳಗೆ ಕಿಟಕಿಯಿಂದ ಹೆಗಲ ಮೇಲಿನ ಟವೆಲ್ ಒಗೆದು ಸೀಟು ಹಿಡಿಯುವುದರಲ್ಲಿ ಅವರನ್ನು ಮೀರಿಸುವವರು ಯಾರೂ ಇರಲಿಲ್ಲ. ಒಮ್ಮೆ ಆ ಟವೆಲ್ ಒಳಗೆ ಕುಳಿತಿದ್ದ ಯಾರೋ ಹೆಣ್ಣುಮಗಳ ತಲೆ ಮೇಲೆ ಬಿದ್ದು, ಆಕೆ ಬೈದ ಬೈಗುಳಕ್ಕೆ ಇಡೀ ಬಸ್ಸು ನಕ್ಕಿತ್ತು. ಮಾವನವರು ಮಾತ್ರ ಗಂಭೀರವಾಗಿ, “ತಪ್ಪಾತು ಬೇ, ನಮ್ಮ ಟೀಚರಮ್ಮಗ ಜಾಗಾ ಬೇಕಾಗಿತ್ತು” ಎಂದಿದ್ದರು. ನನ್ನನ್ನು ಮೊದಲ ಸಲ ಟೀಚರಮ್ಮ ಎಂದು ಕರೆದವರು ಅವರೇ. ಆ ಋಣ ತೀರುವಂಥದ್ದಲ್ಲ.

ಎರಡು ಸಾವಿರದ ನಂತರದ ಮೊದಲ ದಶಕ ಮುಗಿಯುತ್ತಾ ಬಂದಾಗ ಊರಿನಲ್ಲಿ ಕ್ಯಾಮೆರಾ ಇರುವ ಮೊಬೈಲುಗಳು ಕಾಣತೊಡಗಿದವು. ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ಅಂಗಡಿಗಳು ಓಣಿಗೊಂದರಂತೆ ಎದ್ದವು. ಇಬ್ಬರು ಹುಡುಗರು ಮೊಬೈಲಿಗೆ ಮೊಬೈಲು ಹತ್ತಿರ ಹಿಡಿದು ನಿಂತಿದ್ದಾರೆಂದರೆ ಬ್ಲೂಟೂತಿನಲ್ಲಿ ಏನೋ ದಾಟಿಸುತ್ತಿದ್ದಾರೆ ಎಂದು ಅರ್ಥ.

ಕಟಕೋಳದ ಆಚೆ ನಮ್ಮ ಹಿರಿಯರ ಹೊಲವಿತ್ತು. ನವಿಲುತೀರ್ಥದಿಂದ ಬರುವ ಕಾಲುವೆಯ ನೀರು ಮೇಲಿನ ಹೊಲದವರಿಗೇ ಸಾಲದೆ, ಕೊನೆಯವರಿಗೆ ಬರೀ ಒಣ ಕಾಲುವೆ. ಒಂದು ದಿನ ಮಾವನವರು ಹೊಲ ನೋಡಲು ಹೋದಾಗ ಅಲ್ಲಿ ನೀರಿಗಾಗಿ ಎರಡು ಕಡೆಯ ಹುಡುಗರ ನಡುವೆ ಮಾತಿಗೆ ಮಾತು ಬೆಳೆದಿತ್ತು. ಹಿರಿಯ ಎಂದು ನಾಲ್ಕು ಬುದ್ಧಿಮಾತು ಹೇಳಿದರೆ ಕೇಳಿಯಾರು ಎಂದುಕೊಂಡು ಇವರು ನಡುವೆ ಹೋದರು. ಯಾರೂ ಕೇಳಲಿಲ್ಲ. ಜಗಳವೆಲ್ಲ ಇವರ ಮೇಲೆ ತಿರುಗಿತು. ರುಮಾಲು ಕೆಸರಿಗೆ ಬಿತ್ತು. ಕುತ್ತಿಗೆ ಹಿಡಿದು ಬಗ್ಗಿಸಿ, “ಕಾಲ ಹಿಡಿ” ಎಂದರು. ಇವರು ಹಿಡಿದರು. ಅಲ್ಲಿದ್ದವನೊಬ್ಬ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದ.

ಮಾವನವರು ಆಸ್ಪತ್ರೆಯಿಂದ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬರುವ ಮೊದಲೇ ವಿಡಿಯೋ ಬೈಲಹೊಂಗಲಕ್ಕೆ ಬಂದಿತ್ತು. ನಾನು ಶಾಲೆಯಲ್ಲಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದಾಗ ಸಹೋದ್ಯೋಗಿಗಳು ಒಂದು ಮೊಬೈಲಿನ ಮೇಲೆ ಬಾಗಿ ನಿಂತಿದ್ದರು. ನನ್ನನ್ನು ಕಂಡು ಮೊಬೈಲು ಬೋರಲಾಯಿತು. ಹವಾಮಾನದ ಮಾತು ಶುರುವಾಯಿತು. ಅಂಥ ಒಳ್ಳೆಯ ಮನುಷ್ಯರು, ನನ್ನ ಡಬ್ಬಿಯ ರೊಟ್ಟಿ ಹಂಚಿಕೊಂಡು ತಿಂದವರು! ನನಗೆ ಅಲ್ಲೇ ಕೂಗಾಡಬೇಕೆನಿಸಿತು. ಕೂಗಾಡಲಿಲ್ಲ. ಅದನ್ನು ನಾನಂತೂ ನೋಡುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು ತರಗತಿಗೆ ಹೋದೆ.

ಕೈ ವಾಸಿಯಾಯಿತು, ಮನುಷ್ಯ ವಾಸಿಯಾಗಲಿಲ್ಲ. ಮಾವನವರು ಒಳಗಿನ ಕೋಣೆ ಬಿಟ್ಟು ಬರಲಿಲ್ಲ. ಅಂಗಡಿಯನ್ನು ನನ್ನ ಯಜಮಾನರು ನೋಡಿಕೊಂಡರು. ಮನೆ ಮುಂದಿನ ಕಟ್ಟೆಯ ಮೇಲೆ ಕೂರುವುದಿರಲಿ, ಬೀದಿಯ ಕಡೆಯ ಕಿಟಕಿಯನ್ನೂ ತೆರೆಯಲು ಬಿಡಲಿಲ್ಲ. ನಾನು ದೊಡವಾಡದವರೆಗೆ ನಿಂತುಕೊಂಡೇ ಹೋಗತೊಡಗಿದೆ. ನನ್ನ ಕಾಲು ನೋವಿನ ಮಾತು ಬಿಡಿ. ಬಸ್ ಸ್ಟ್ಯಾಂಡಿನಲ್ಲಿ ಅವರಿಲ್ಲದ ಬೆಳಗು ನೋಡುವುದೇ ನನಗೆ ಸಂಕಟವಾಗುತ್ತಿತ್ತು.

ಮಾತಾಡಿಸಲು ಜನ ಬರುತ್ತಿದ್ದರು. ಬಂದವರು ಚಪ್ಪಲಿ ಬಿಡುವ ಮೊದಲೇ, “ನಾ ಅದನ್ನ ನೋಡಿಲ್ರೀ ಕಾಕಾ” ಎನ್ನುತ್ತಿದ್ದರು. ಒಳಗೆ ಬಂದು, ನೀರು ಕುಡಿದು, “ನಮ್ಮ ಮನ್ಯಾಗ ಯಾರೂ ನೋಡಿಲ್ರೀ” ಎಂದು ಇನ್ನೊಮ್ಮೆ ಹೇಳುತ್ತಿದ್ದರು. ಸಮಾಧಾನಕ್ಕೆ ಹೇಳಿದ ಮಾತು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಅವರು ಹೋದ ಮೇಲೆ ಮಾವನವರು ಗೋಡೆಗೆ ಹೇಳಿದಂತೆ ಹೇಳುತ್ತಿದ್ದರು: “ನಾ ಕೇಳೇ ಇಲ್ಲ. ಕೇಳದs ಹೇಳತಾರಂದ್ರ ನೋಡ್ಯಾರ.”

ನಾನು ಆ ಮಾತೇ ಎತ್ತಲಿಲ್ಲ. ಸಂಜೆ ಶಾಲೆಯಿಂದ ಬಂದು ಅವರ ಕೋಣೆಯ ಹೊಸ್ತಿಲ ಹೊರಗೆ ಮೊರ ಹಿಡಿದು ಕೂರುತ್ತಿದ್ದೆ. ಜೋಳ ಹಸನು ಮಾಡುತ್ತಾ, ತಲೆ ಬಗ್ಗಿಸಿಕೊಂಡೇ, ಶಾಲೆಯಲ್ಲಿ ಯಾವ ಹುಡುಗ ಏನು ತುಂಟತನ ಮಾಡಿದ ಎಂದು ಹೇಳುತ್ತಿದ್ದೆ. ಮೊದಮೊದಲು ಬರೀ “ಹೂಂ” ಎನ್ನುತ್ತಿದ್ದರು. ಆಮೇಲಾಮೇಲೆ, “ಆ ಹುಡುಗ ಇವತ್ತ ಬಂದಿದ್ದನೇನವಾ?” ಎಂದು ತಾವೇ ಕೇಳತೊಡಗಿದರು. ನೋಡದೆ ಮಾತಾಡುವ ನಮ್ಮ ಮನೆಯ ರೀತಿಯನ್ನು ನಾನು ಹೊಸದರಲ್ಲಿ ಬಹಳ ಬೈದುಕೊಂಡಿದ್ದೆ. ಆ ದಿನಗಳಲ್ಲಿ ಅದೇ ನಮ್ಮಿಬ್ಬರನ್ನು ಕಾಯಿತು.

ಇಷ್ಟರಲ್ಲಿ ಮೇಲಿನಿಂದ ಆದೇಶ ಬಂತು. ಆ ವಿಡಿಯೋ ನೋಡಿ ಎರಡೂ ಕಡೆಯವರು ಮತ್ತೆ ಕೈಮಾಡಿಕೊಂಡಾರು ಎಂಬ ಭಯಕ್ಕೆ, ಬೈಲಹೊಂಗಲ, ಸವದತ್ತಿ, ರಾಮದುರ್ಗ ಮೂರೂ ಕಡೆ ಅದನ್ನು ತುಂಬಿಸಬಾರದು, ಹಂಚಬಾರದು, ಇದ್ದವರು ಅಳಿಸಬೇಕು ಎಂದು. ನಮ್ಮೂರಿನ ಪೊಲೀಸ್ ಠಾಣೆಯ ಫೌಜದಾರರು ಹೊಸಬರು, ಉತ್ಸಾಹದ ವಯಸ್ಸು. ಆದೇಶ ಎಲ್ಲರಿಗೂ ಮುಟ್ಟಲಿ ಎಂದು ಒಂದು ಆಟೋಕ್ಕೆ ಮೈಕು ಕಟ್ಟಿಸಿ ಓಣಿಓಣಿಗೆ ಬಿಟ್ಟರು. “ಕಟಕೋಳದ ಹತ್ತಿರ ಹಿರಿಯರೊಬ್ಬರನ್ನು ಹೊಡೆದ ವಿಡಿಯೋವನ್ನು ಯಾರೂ ನೋಡಕೂಡದು” ಎಂದು ಮೈಕು ಒದರಿದ್ದೇ ತಡ, ಅಲ್ಲಿಯವರೆಗೆ ಆ ಸುದ್ದಿಯೇ ಗೊತ್ತಿಲ್ಲದವರೂ “ಯಾವುದದು, ನಮಗೂ ತೋರಸ್ರಿ” ಎಂದು ಮೊಬೈಲ್ ಅಂಗಡಿಗೆ ನುಗ್ಗಿದರು. ಆಟೋ ನಮ್ಮ ಓಣಿಗೂ ಬಂತು. ಒಳಕೋಣೆಯಲ್ಲಿ ಮಾವನವರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕುಳಿತಿದ್ದರು. ಅತ್ತೆಯವರು ಹಿಟ್ಟಿನ ಕೈಯಲ್ಲೇ ಬೀದಿಗಿಳಿದು ಆಟೋಕ್ಕೆ ಅಡ್ಡ ನಿಂತರು.

“ನಿಮ್ಮಪ್ಪನ್ನ ಹೊಡೆದಿದ್ರ ಹಿಂಗs ಮೈಕಿನ್ಯಾಗ ಒದರಕೋಂತ ತಿರಗತಿದ್ದೇನೋ? ಹೋಗಿ ನಿಮ್ಮ ಸಾಹೇಬಗ ಹೇಳು, ನಮ್ಮ ಮರ್ಯಾದಿ ಕಾಯಾಕ ಬಂದು ಡಂಗುರಾ ಹೊಡ್ಯಾಕ ಹತ್ತಿಯಲ್ಲ ಅಂತ!”

ಆಟೋದವನು ಮೈಕು ಬಂದ್ ಮಾಡಿ ಹಿಂದೆ ತಿರುಗಿದ.

ಸಂಜೆಗೆ ಫೌಜದಾರರೇ ಮನೆಗೆ ಬಂದರು, ಯೂನಿಫಾರ್ಮ್ ಇಲ್ಲದೆ, ಸಾದಾ ಅಂಗಿಯಲ್ಲಿ. ಚಪ್ಪಲಿ ಹೊರಗೆ ಬಿಟ್ಟು ಅತ್ತೆಯವರಿಗೆ ಕೈಮುಗಿದರು. “ತಪ್ಪು ನನ್ನದು ರೀ ಅಮ್ಮಾರ. ಮೈಕ್ ಹಚ್ಚಬಾರದಾಗಿತ್ತು. ಸರಿ ಮಾಡತೇನ್ರಿ” ಎಂದರು. ತಪ್ಪು ನನ್ನದು ಎಂದ ಅಧಿಕಾರಿಯನ್ನು ನಾನು ನೋಡಿದ್ದು ಅದೇ ಮೊದಲು. ಮರುದಿನದಿಂದ ಅವರು ಅದೇ ಸಾದಾ ಅಂಗಿಯಲ್ಲಿ ಒಂದೊಂದೇ ಮೊಬೈಲ್ ಅಂಗಡಿ ಹೊಕ್ಕು, ಸ್ಟೂಲ್ ಎಳೆದು ಕುಳಿತು, ಚಹಾ ತರಿಸಿ, ಎದುರಿಗೇ ಅಳಿಸಿ ಹೋಗುತ್ತಿದ್ದರಂತೆ. ಸವದತ್ತಿ, ರಾಮದುರ್ಗದವರಿಗೂ ಹೀಗೇ ಮಾಡಿ ಎಂದು ಫೋನ್ ಮಾಡಿದರಂತೆ. ಎಲ್ಲ ಮೊಬೈಲಿನಿಂದಲೂ ಅದು ಹೋಯಿತು ಎಂದು ನಾನು ಹೇಳಲಾರೆ. ಆದರೆ ಬಸ್ಸಿನಲ್ಲಿ, ಚಹಾ ಅಂಗಡಿಯಲ್ಲಿ ಅದನ್ನು ಎಲ್ಲರೆದುರು ತೆರೆಯುವ ಧೈರ್ಯ ಹೋಯಿತು. ಊರಿನ ಬಾಯಿಗೆ ಬೇರೆ ಸುದ್ದಿ ಸಿಕ್ಕಿತು. ನಮಗೆ ಅಷ್ಟು ಸಾಕಿತ್ತು.

ನಮಗೆ ಸಾಕಿತ್ತು, ಮಾವನವರಿಗೆ ಸಾಲಲಿಲ್ಲ. ಮಳೆಗಾಲ ಬಂದು ಹೋಯಿತು, ಕಿಟಕಿ ತೆರೆಯಲಿಲ್ಲ.

ಒಂದು ಭಾನುವಾರ ಫೌಜದಾರರು ಮತ್ತೆ ಬಂದರು. ಹಲ್ಲೆಯ ಕೇಸು ನಡೆಸುತ್ತಿದ್ದದ್ದು ಕಟಕೋಳದ ಕಡೆಯ ಠಾಣೆ. ಅಲ್ಲಿ ಕೇಸಿಗಾಗಿ ವಿಡಿಯೋದ ಒಂದು ಪ್ರತಿ ಮಾತ್ರ ಉಳಿಸಿಕೊಂಡಿದ್ದರು. ಅದರಲ್ಲಿರುವವರು ಯಾರು, ಯಾರು ಏನು ಮಾಡಿದರು ಎಂದು ಮಾವನವರು ನೋಡಿ ಹೇಳಬೇಕಿತ್ತು. “ಠಾಣೆಗೆ ಬರೋದು ಬ್ಯಾಡ್ರಿ ಅಜ್ಜಾರ. ಕೇಳಿ ತಗೊಂಡು ನಾನs ತಂದೇನಿ. ಇಲ್ಲೇ, ನಿಮ್ಮ ಕೋಣ್ಯಾಗ ನೋಡ್ರಿ. ಯಾರ ಮುಂದ ಬೇಕು ಅವರ ಮುಂದ” ಎಂದರು.

ಮಾವನವರು ಹಾಸಿಗೆಯ ಮೇಲೆ ಎದ್ದು ಕುಳಿತರು. ಆಮೇಲೆ, “ಸೊಸಿ ಇರಲಿ. ಉಳಿದವರು ಹೊರಗ ಹೋಗ್ರಿ” ಎಂದರು. ಅತ್ತೆಯವರು, ನನ್ನ ಯಜಮಾನರು ಮುಖ ಮುಖ ನೋಡಿಕೊಂಡರು. “ಆಕಿ ಒಬ್ಬಾಕಿನs ಅದನ್ನ ನೋಡಿಲ್ಲ. ‘ನೋಡಿಲ್ಲ’ ಅಂತ ನನಗ ಒಮ್ಮೆನೂ ಹೇಳಿಲ್ಲ ಆಕಿ” ಎಂದರು ಮಾವನವರು. ಹೊಸ್ತಿಲು ದಾಟಿ ಒಳಗೆ ಹೋಗಿ, ಮೊದಲ ಸಲ ಅವರ ಪಕ್ಕದಲ್ಲಿ ಕುಳಿತೆ.

ಮೊಬೈಲಿನ ಪರದೆ ಬೆಂಕಿಪೊಟ್ಟಣದಷ್ಟಿತ್ತು. ಮಸುಕು ಚಿತ್ರ, ಅಲುಗಾಡುವ ಕೈ, ಕಾಲುಗಳು, ಕೆಸರು, ಬರೀ ಗದ್ದಲ. ನಡುವೆ ಒಂದು ಬೋಳು ತಲೆ ಬಗ್ಗಿದ್ದು ಕಂಡಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಅಷ್ಟರಲ್ಲಿ ಅದು ಮುಗಿದೇ ಹೋಯಿತು.

“ಮುಂದ?” ಎಂದರು ಮಾವನವರು.

“ಇಷ್ಟ ಐತ್ರಿ.”

“ಇಷ್ಟs?”

ಇಷ್ಟು ತಿಂಗಳು ಅವರು ಹೆದರಿ ಕುಳಿತದ್ದು ತಾವೇ ನೋಡಿರದ ಒಂದು ವಸ್ತುವಿಗೆ ಎಂಬುದು ನನಗೆ ಆಗ ಹೊಳೆಯಿತು. ಅವರು ಮನಸ್ಸಿನೊಳಗೆ ಅದನ್ನು ಎಷ್ಟು ಉದ್ದಕ್ಕೆ, ಎಷ್ಟು ಸಲ ನೋಡಿದ್ದರೋ! “ಇನ್ನೊಮ್ಮೆ ಹಚ್ಚರಿ” ಎಂದರು. ಈ ಸಲ ಕನ್ನಡಕ ಏರಿಸಿಕೊಂಡು ನೋಡಿದರು. ಒಬ್ಬೊಬ್ಬರನ್ನೇ ತೋರಿಸಿ ಗುರುತು ಹೇಳಿದರು. ಕೊನೆಗೆ ಒಬ್ಬ ಹುಡುಗ ಹಿಂದಿನಿಂದ ಬಂದು ಅವರ ಕೊರಳಪಟ್ಟಿಗೆ ಕೈಹಾಕಿ ಜಗ್ಗುವುದು ಕಂಡಿತು.

“ಇಂವಾ ಯಾರು?”

“ಕಟಕೋಳದಾಂವ ರೀ. ಇಂವನ ಮ್ಯಾಲೂ ಕೇಸ್ ಐತಿ. ಬಿಡಿಸಾಕ ಹೋಗಿದ್ದೆ ಅಂತಾನ. ವಿಡಿಯೋದಾಗ ನೋಡಿದ್ರ ಹಂಗ ಕಾಣಂಗಿಲ್ಲ. ಕುತಿಗಿಗೇ ಕೈ ಹಾಕ್ಯಾನ.”

ಮಾವನವರು ಪರದೆಯ ಮೇಲೆ ಬೆರಳಿಟ್ಟರು. “ಖರೇ ಹೇಳ್ಯಾನ್ರಿ ಅಂವಾ. ಹಿಂದಿಂದ ಯಾರೋ ಜಗ್ಗಿ ನನ್ನ ಹೊರಗ ಒಗದ್ರು. ಯಾರಂತ ನನಗ ಗೊತ್ತಿದ್ದಿಲ್ಲ. ಇಂವಾ ಜಗ್ಗಿದ್ದಕ್ಕs ನಾ ಇವತ್ತ ಜೀವಂತ ಕುಂತೇನಿ. ಬರಕೋರಿ ಸಾಹೇಬ್ರ. ಈಗs ಬರಕೋರಿ.”

ಎಷ್ಟು ಜನ ಅದನ್ನು ನೋಡಿದ್ದರು! ಒಬ್ಬರಿಗೂ ಅದು ಬಿಡಿಸಿದ ಕೈ ಎಂದು ಕಂಡಿರಲಿಲ್ಲ. ಫೌಜದಾರರು ಹೇಳಿಕೆ ಬರೆದುಕೊಂಡು ಎದ್ದರು. ಅವರ ಹಿಂದೆಯೇ ಮಾವನವರೂ ಎದ್ದರು. “ಕಟಕೋಳಕ್ಕ ಬಸ್ ಯಾವಾಗ ಐತವಾ?” ಎಂದು ನನ್ನನ್ನು ಕೇಳಿದರು. ಅತ್ತೆಯವರು ಬಾಗಿಲಲ್ಲಿ ನಿಂತು ಅಳುತ್ತಲೇ, ಪೆಟ್ಟಿಗೆಯಿಂದ ಹೊಸ ರುಮಾಲು ತೆಗೆದುಕೊಟ್ಟರು.

ನಾನೂ ಜೊತೆಗೆ ಹೋದೆ. ಸವದತ್ತಿಯಲ್ಲಿ ಬಸ್ಸು ಬದಲಿಸಿ ಹತ್ತುವಾಗ ಪರಿಚಯದವರೊಬ್ಬರು ಗಾಬರಿಯಿಂದ ಎದ್ದು, “ಕಾಕಾ, ನಾ ಅದನ್ನ...” ಎಂದು ಶುರುಮಾಡಿದರು. “ನೋಡಿರಬೇಕು ತಗೋ. ನೋಡಿದ್ರ ನೋಡಿದಿ. ಈಗ ಸ್ವಲ್ಪ ಸರಿ, ಕುಂದರತೇವಿ” ಎಂದರು ಮಾವನವರು. ನಾನು ಕಿಟಕಿಯ ಕಡೆ ತಿರುಗಿ ನಕ್ಕೆ, ಕಣ್ಣೀರೂ ಬಂತು. ಆ ಮೈಕು, ಆ ತಪ್ಪೊಪ್ಪಿಗೆ, ಸ್ಟೂಲಿನ ಮೇಲೆ ಕುಳಿತು ಕುಡಿದ ಅಷ್ಟೂ ಚಹಾ, ಎಲ್ಲಕ್ಕೂ ಮನಸ್ಸಿನಲ್ಲೇ ಕೈಮುಗಿದೆ. ಆ ವಿಡಿಯೋ ಇನ್ನೂ ಬೀದಿಯಲ್ಲೇ ಕುಣಿಯುತ್ತಿದ್ದರೆ ಇವರು ಅದನ್ನು ಕನ್ನಡಕ ಹಾಕಿಕೊಂಡು ನೋಡುವ ದಿನ ಬರುತ್ತಿರಲಿಲ್ಲ.

ಹುಡುಗನ ಮನೆ ಕಟಕೋಳದ ಅಂಚಿನಲ್ಲಿತ್ತು. ಬಾಗಿಲಿಗೆ ಬಂದ ಅವನ ತಾಯಿ ನಮ್ಮನ್ನು ಕಂಡು ಹೆದರಿದಳು. “ಹಿತ್ತಲದಾಗ ಎತ್ತಿನ ಹತ್ತರ ಕುಂತಿರತಾನ್ರಿ. ಮುದುಕನ ಮ್ಯಾಲ ಕೈಮಾಡಿದಾಂವ ಅಂತ ಮಂದಿ ಬೆರಳ ಮಾಡಿ ತೋರಸತಾರ. ಅವಾಗಿಂದ ಹೊರಗs ಬರವೊಲ್ಲ” ಎಂದಳು. ಮಾವನವರು ಅವಳ ಮುಖವನ್ನೇ ನೋಡುತ್ತಾ ನಿಂತುಬಿಟ್ಟರು. ತಾಯಿ ಕೂಗಿದ ಮೇಲೆ ಹುಡುಗ ಮೆಲ್ಲಗೆ ಬಂದ. ರುಮಾಲು ಕಂಡವನೇ ಅಲ್ಲೇ ನಿಂತು ತಲೆ ಬಗ್ಗಿಸಿದ.

“ದೇವರಾಣಿ ರೀ ಕಾಕಾರ, ನಾ ಹೊಡದಿಲ್ರೀ” ಎಂದ.

ಮಾವನವರು ಹತ್ತಿರ ಹೋಗಿ ಅವನ ಎರಡೂ ಕೈ ಹಿಡಿದುಕೊಂಡರು.

“ಗೊತ್ತೈತಪಾ,” ಎಂದರು, “ನಾ ನೋಡೇನಿ.”