ಅವ್ವನ ಹುರುಳಿ ಸಾರು, ನನ್ನ ಸುಳ್ಳು

ನಮ್ಮವ್ವ ಮತ್ತು ಅವಳ ಅಕ್ಕತಂಗಿ, ಮೂರು ಜನ, ಪ್ರತಿ ಬೇಸಿಗೆ ರಜದಲ್ಲಿ ಒಂದು ದಿನ ಸೇರುತ್ತಿದ್ದರು. ಸೇರುತ್ತಿದ್ದದ್ದು ಕನಕಪುರದ ಹತ್ತಿರ ಇದ್ದ ದೊಡ್ಡವ್ವನ ಮಾವಿನ ತೋಟದಲ್ಲಿ. ಮಕ್ಕಳು, ಸೊಸೆಯರು, ಅಳಿಯಂದಿರು, ಮೊಮ್ಮಕ್ಕಳು ಅಂತ ತೋಟದ ತುಂಬ ಜನ. ಅಜ್ಜಿ ತೀರಿಕೊಂಡ ಮೇಲೆ ಶುರುವಾದ ಪದ್ಧತಿ ಇದು. ಅಜ್ಜಿಯ ಅಡುಗೆಯಲ್ಲಿ ಯಾವುದು ಯಾರ ಕೈಗೆ ಕೂತಿತ್ತೋ ಅದನ್ನು ಅವರು ಮಾಡಬೇಕು. ದೊಡ್ಡವ್ವ ತೋಟದಲ್ಲೇ ಶಾವಿಗೆ ಒತ್ತಿ ಕಾಯಿಹಾಲು ಮಾಡುತ್ತಿದ್ದಳು. ಚಿಕ್ಕವ್ವ ಚನ್ನಪಟ್ಟಣದಿಂದ ಡಬ್ಬಿ ತುಂಬ ಕಜ್ಜಾಯ ತರುತ್ತಿದ್ದಳು. ಮಾಗಡಿ ಕಡೆಯ ನಮ್ಮೂರಿಂದ ಅವ್ವ ತರುತ್ತಿದ್ದದ್ದು ಹುರುಳಿ ಕಟ್ಟಿನ ಸಾರು.

ಎತ್ತುಗಳಿಗೆ ಅಂತ ಹಂಡೆಯಲ್ಲಿ ಹುರುಳಿ ಬೇಯಿಸುವಾಗ ಬಸಿದಿಟ್ಟುಕೊಳ್ಳುವ ನೀರೇ ಕಟ್ಟು. ಈರುಳ್ಳಿಯನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಸುಟ್ಟು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ ಹುರಿದು, ಒಂದು ಹಿಡಿ ಬೆಂದ ಹುರುಳಿ ಸೇರಿಸಿ ರುಬ್ಬಿ, ಹುಣಸೆಹುಳಿ ಬಿಟ್ಟು ಆ ಕಟ್ಟಿನಲ್ಲಿ ಕುದಿಸಬೇಕು. ಮಾರನೇ ದಿನ ಮತ್ತೆ ಕಾಯಿಸಿದರೆ ಇನ್ನೂ ರುಚಿ. ನೋಡೋಕೆ ಮಾತ್ರ ಕಪ್ಪಗೆ, ಮಂದಗೆ ಇರುತ್ತದೆ. ದನಕ್ಕೆ ಬೇಯಿಸಿದ್ದರಿಂದ ಬಂದದ್ದು ಅಂತ ನಮ್ಮ ಮನೆಯವರೆಲ್ಲ ಅದನ್ನು ತಮಾಷೆಗೆ ‘ಎತ್ತಿನ ಸಾರು’ ಅನ್ನುತ್ತಿದ್ದರು.

ನಾನು ಮದುವೆಯಾಗಿ ರಾಮನಗರದಲ್ಲಿದ್ದೆ. ನನ್ನ ಗಂಡನಿಗೆ ಬಿಡದಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಆ ಸಲದ ಬೇಸಿಗೆಗೆ ನಾನು ಅವರ ಮ್ಯಾನೇಜರ್ ಕುಟುಂಬವನ್ನು ತೋಟಕ್ಕೆ ಕರೆದೆ. ಯಾರೂ ಹೇಳಿರಲಿಲ್ಲ, ಕರೆದವಳು ನಾನೇ. ನಮಗೂ ತೋಟ ಇದೆ, ದೊಡ್ಡ ಸಂಸಾರ ಇದೆ ಅಂತ ತೋರಿಸಿಕೊಳ್ಳುವ ಆಸೆ.

ಅವ್ವ ಹಿಂದಿನ ದಿನವೇ ಬಸ್ಸಿನಲ್ಲಿ, ಮಡಿಲಲ್ಲಿ ಸಾರಿನ ಪಾತ್ರೆ ಇಟ್ಟುಕೊಂಡು ನಮ್ಮ ಮನೆಗೆ ಬಂದಳು. ಬೆಳಿಗ್ಗೆ ನನ್ನ ಗ್ಯಾಸ್ ಒಲೆಯ ಮೇಲೆ ಅದನ್ನು ಕಾಯಿಸಿದಳು. ಮನೆಯೆಲ್ಲ ಘಮ್ಮೆಂದಿತು. ನಾನೂ ಸೌಟಿನಿಂದ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿದೆ. ಇದನ್ನು ಇಲ್ಲೇ ಹೇಳಿಬಿಡಬೇಕು, ಸಾರು ಚೆನ್ನಾಗಿತ್ತು.

ತೋಟಕ್ಕೆ ಹೋಗಿ ಇಳಿಯುತ್ತಿದ್ದ ಹಾಗೆ ದೊಡ್ಡವ್ವ ದೂರದಿಂದಲೇ ಕೂಗಿದಳು. “ಬಂತೇನೇ ಎತ್ತಿನ ಸಾರು?”

ಮ್ಯಾನೇಜರ್ ಹೆಂಡತಿ ನನ್ನ ಪಕ್ಕದಲ್ಲೇ ನಿಂತಿದ್ದರು. ಬೆಂಗಳೂರಿನವರು, ಮೆಲ್ಲಗೆ ಮಾತಾಡುವವರು. “ಎತ್ತಿನ ಸಾರು ಅಂದ್ರೆ?” ಅಂದರು. ಎತ್ತಿನ ಮಾಂಸ ಅಂದುಕೊಂಡಿರಬೇಕು, ಅವರ ಮುಖ ಬೇರೆಯೇ ಆಗಿತ್ತು.

“ಅಯ್ಯೋ, ಅದು ತಮಾಷೆಗೆ ಹೇಳೋದು ಮೇಡಂ,” ಅಂತ ನಕ್ಕುಬಿಟ್ಟೆ. ಅಷ್ಟಕ್ಕೇ ಬಾಯಿ ಕಟ್ಟಿತು. ಹುರುಳಿ ಸಾರು ಅಂತ ಬಿಡಿಸಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳುತ್ತಾ ಹೋದರೆ ದನಕ್ಕೆ ಬೇಯಿಸಿದ ನೀರು ಅನ್ನುವುದೂ ಹೊರಗೆ ಬರುತ್ತದೆ, ದೊಡ್ಡವ್ವ ಅದಕ್ಕೆ ಇನ್ನೊಂದಷ್ಟು ಸೇರಿಸಿ ಹೇಳುತ್ತಾಳೆ, ಈ ಕಪ್ಪು ಸಾರನ್ನು ಅವರ ಎಲೆಗೆ ಬಡಿಸುತ್ತಾಳೆ.

ಅವ್ವ ಮೊಮ್ಮಕ್ಕಳನ್ನು ಮಾತಾಡಿಸುತ್ತಿದ್ದಳು. ನಾನು ಪಾತ್ರೆ ಎತ್ತಿಕೊಂಡು ಪಂಪ್‌ಸೆಟ್ ಮನೆಯ ಹಿಂದಕ್ಕೆ ಹೋದೆ. ಒಂದು ಮಾವಿನ ಗಿಡದ ಪಾತಿಗೆ ಅಷ್ಟನ್ನೂ ಸುರಿದೆ. ಮೇಲೆ ಕಾಲಿಂದ ಮಣ್ಣು ಎಳೆದೆ. ಪಾತ್ರೆ ತೊಳೆದು ಬೋರಲು ಹಾಕಿ, ಬಂದು ಅವ್ವನ ಕಿವಿಯಲ್ಲಿ ಹೇಳಿದೆ. “ಅವ್ವಾ, ಸಾರು ಹಳಸ್ಬುಟ್ಟಿತ್ತು. ಚೆಲ್ಬುಟ್ಟೆ.”

“ಹಳಸಿತ್ತಾ?” ಅಂದಳು ಅವ್ವ. “ಬೆಳಿಗ್ಗೆ ಚೆಂದಾಗೇ ಇತ್ತಲ್ಲೇ?”

“ವಾಸನೆ ಬಂದಿತ್ತವ್ವ.”

ಅವಳು ನನ್ನ ಮಾತನ್ನು ನಂಬಿದಳು. ಒಲೆಯ ಹತ್ತಿರ ಹೋಗಿ ಎಲ್ಲರ ಮುಂದೆ, “ತಪ್ಪಾಯ್ತು ಕಣಕ್ಕ, ಬಿಸ್ಲಿಗೆ ಸಾರು ಹಳಸೋಗೈತೆ,” ಅಂದಳು. ಹಂಡೆಯಲ್ಲಿ ಮುದ್ದೆಗೆ ಎಸರು ಕುದಿಯುತ್ತಿತ್ತು. ಮುದ್ದೆಗೆ ಸಾರೇ ಇಲ್ಲ. ಚಿಕ್ಕವ್ವ ಗಡಿಬಿಡಿಯಲ್ಲಿ ಮಾವಿನಕಾಯಿ ಕಿತ್ತು ಗೊಜ್ಜು ಮಾಡಿದಳು. ಯಾರೂ ಅವ್ವನನ್ನು ಬೈಯಲಿಲ್ಲ. ದೊಡ್ಡವ್ವ ಮಾತ್ರ ಅಜ್ಜಿಯನ್ನು ನೆನೆದು, “ನಮ್ಮವ್ವನ ಕೈಲಿ ಒಂದಿನಾನೂ ಹಳಸಿರ್ನಿಲ್ಲ,” ಅಂದಳು. ಅವ್ವ ತಲೆ ಬಗ್ಗಿಸಿಕೊಂಡು ಈರುಳ್ಳಿ ಹೆಚ್ಚುತ್ತಾ ಕೂತಳು.

ಮ್ಯಾನೇಜರ್ ಹೆಂಡತಿಗೆ ಬಿಸಿಲಿಗೆ ತಲೆನೋವು ಬಂದಿತ್ತು. ಅವರು ತಿಂದದ್ದು ಎರಡು ತುತ್ತು ಮೊಸರನ್ನ.

ಮುಂದಿನ ಬೇಸಿಗೆಗೆ ಅವ್ವ ಒಂದು ಬಾಳೆಗೊನೆ ಹೊರಿಸಿಕೊಂಡು ಬಂದಳು. ಅದರ ಮುಂದಿನ ಸಲ ಮಾಗಡಿಯ ಬೇಕರಿಯಿಂದ ಎರಡು ಪೊಟ್ಟಣ ಖಾರ. “ಸಾರೆಲ್ಲೇ?” ಅಂತ ಅಕ್ಕತಂಗಿಯರು ಕೇಳಿದರೆ, “ಬುಡ್ರವ್ವ, ನನ್ನ ಕೈ ಕೆಟ್ಟೈತೆ,” ಅನ್ನುತ್ತಿದ್ದಳು. ನನಗೆ ಕೇಳಿಸುತ್ತಿತ್ತು. ಕೇಳಿಸದವಳ ಹಾಗೆ ಮಕ್ಕಳಿಗೆ ಬಡಿಸುತ್ತಿದ್ದೆ.

ಅಷ್ಟರಲ್ಲಿ ನಮ್ಮೂರ ಹೊಲದಲ್ಲಿ ಬಹುಪಾಲು ಫ್ಯಾಕ್ಟರಿಗಳಿಗೆ ಹೋಗಿತ್ತು. ಎತ್ತುಗಳನ್ನು ಮಾರಿದ್ದರು. ನನ್ನ ತಮ್ಮ ಬೆಳಿಗ್ಗೆ ಕಂಪನಿ ಬಸ್ಸು ಹತ್ತುತ್ತಿದ್ದ. ಅವನ ಮಗುವನ್ನು ಅವ್ವ ನೋಡಿಕೊಳ್ಳುತ್ತಿದ್ದಳು. ಒಂದು ದಿನ ಅವ್ವನನ್ನು ನೋಡಲು ಹೋದೆ. ಅವ್ವ ಒಂದು ಲೋಟ ಹಾಲು ಹಿಡಿದುಕೊಂಡು ಪಕ್ಕದ ಮನೆಯ ಹೆಂಗಸಿನ ಬಾಗಿಲಲ್ಲಿ ನಿಂತಿದ್ದಳು. “ಒಸಿ ಮೂಸಿ ನೋಡವ್ವ, ಕೆಟ್ಟೈತಾ? ಮಗಿಗೆ ಕೊಡಬೇಕು,” ಅನ್ನುತ್ತಿದ್ದಳು. ಆ ಹೆಂಗಸು ಬೇಜಾರಿಲ್ಲದೆ ಮೂಸಿ, “ಚೆನ್ನಾಗೈತೆ ಹೋಗಿ,” ಅಂದಳು. ನನ್ನ ಕಡೆ ತಿರುಗಿ, “ದಿನಾ ಹಿಂಗೇ ನಿಮ್ಮವ್ವ. ಅನ್ನ, ಸಾರು, ಹಾಲು, ಎಲ್ಲಾ ನಾನೇ ಮೂಸಬೇಕು,” ಅಂತ ನಕ್ಕಳು.

ಒಳಗೆ ಬಂದ ಮೇಲೆ ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. “ಅವ್ವಾ, ಆವತ್ತು ಸಾರು ಹಳಸಿರ್ಲಿಲ್ಲ. ಚೆನ್ನಾಗೇ ಇತ್ತು. ನಾನೇ ಸುರಿದ್ಬುಟ್ಟೆ.”

“ಯಾಕೆ?”

“ಬಂದೋರು ಏನಂದ್ಕತಾರೋ ಅಂತ.”

ಅವಳು ಲೋಟವನ್ನು ಕೆಳಗಿಟ್ಟಳು. ಆಮೇಲೆ ಹೇಳಿದಳು. “ಬೆಳಿಗ್ಗೆ ನಾನೂ ಮೂಸಿದ್ದೆ. ನೀನು ಹಳಸೈತೆ ಅಂದೆ. ನಂಗೆ ಗೊತ್ತಾಗ್ನಿಲ್ವಲ್ಲ, ನನ್ನ ಮೂಗೇ ಸತ್ತೋಯ್ತು ಅಂದ್ಕಂಡೆ. ಮೂರು ವರ್ಸ ಆಗ್ತಾ ಬಂತು, ಯಾರ ಮನೆ ಮದುವೇಲೂ ಒಲೆ ಮುಂದೆ ನಿಂತಿಲ್ಲ ನಾನು. ಮಗಿಗೆ ಅನ್ನ ಕಲಸೋಕೂ ಹೆದರ್ತೀನಿ.”

ಅವಳ ಕಾಲು ಹಿಡಿದುಕೊಂಡೆ. ಅವಳು ಕಾಲು ಎಳೆದುಕೊಳ್ಳಲಿಲ್ಲ, ನನ್ನ ತಲೆ ಸವರಲೂ ಇಲ್ಲ. “ನಂಗೆ ಹೇಳಿದ್ರೆ ಏನು ಬಂತು? ನಾನು ತಲೆ ಬಗ್ಗಿಸಿದ್ದು ಅವರ ಮುಂದೆ. ಅಲ್ಲೇ ಹೇಳು,” ಅಂದಳು.

ಬೇಸಿಗೆಗೆ ಇನ್ನೂ ಮೂರು ತಿಂಗಳಿತ್ತು. ಆ ಮೂರು ತಿಂಗಳು ಹುಷಾರಿಲ್ಲ ಅಂತ ತಪ್ಪಿಸಿಕೊಳ್ಳುವ ದಾರಿಗಳನ್ನೇ ಯೋಚಿಸಿದೆ. ಇದನ್ನು ಬರೆಯುವುದಕ್ಕೂ ನಾಚಿಕೆಯಾಗುತ್ತದೆ. ಕೊನೆಗೆ ಹೋದೆ. ಅವ್ವ ಅಂಗಡಿಯ ಹುರುಳಿಯನ್ನು ಕುಕ್ಕರಿನಲ್ಲಿ ಬೇಯಿಸಿ ಸಾರು ಮಾಡಿ ತಂದಿದ್ದಳು. ಎಲೆ ಹಾಕುವ ಮೊದಲು ನಾನು ಎದ್ದು ನಿಂತು, ಗಂಡ, ಮಕ್ಕಳು, ಅತ್ತಿಗೆಯರು ಎಲ್ಲರ ಮುಂದೆ, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ದೊಡ್ಡವ್ವ ಎದ್ದು ಹೋಗಿ ಅವ್ವನ ಪಕ್ಕದಲ್ಲಿ ಕೂತಳು, ಅಷ್ಟೇ. ಆ ದಿನ ಸಾಯಂಕಾಲದವರೆಗೂ ಅವಳು ನನ್ನ ಜೊತೆ ಮಾತಾಡಲಿಲ್ಲ. ನನ್ನ ಮಗಳು ಮಾತ್ರ, “ಅಜ್ಜಿ ಮಾಡಿದ್ದನ್ನ ಮಣ್ಣಿಗೆ ಸುರಿದ್ಯಾ?” ಅಂತ ಕೇಳಿದಳು.

ಅವ್ವ ತಾನೇ ಸಾರಿನ ಪಾತ್ರೆ ಹಿಡಿದು ಸಾಲಿನುದ್ದಕ್ಕೂ ಬಡಿಸುತ್ತಾ ಬಂದಳು. ಎಲ್ಲರ ಮುದ್ದೆಯ ಪಕ್ಕಕ್ಕೂ ಧಾರಾಳವಾಗಿ ಸುರಿದಳು. ನನ್ನ ಎಲೆಯ ಹತ್ತಿರ ಬಂದಾಗ ಸೌಟು ನಿಂತಿತು.

“ನಿಂಗೆ ಹಾಕ್ಲಾ?” ಅಂತ ಕೇಳಿದಳು, ಮನೆಗೆ ಬಂದ ನೆಂಟರನ್ನು ಕೇಳುವ ಹಾಗೆ.

ಹೂಂ ಅಂದೆ.